ಪರದೇಶದಲ್ಲಿ ಅಂತ್ಯಸಂಸ್ಕಾರ

ಮಡಿಕೇರಿಯ ಹೊರವಲಯದ ದಿಬ್ಬದ ಮೇಲೆ ಕೊಡಗಿನ ಅರಸರ ಗದ್ದಿಗೆಗಳಿರುವುದನ್ನು ಆ ಊರನ್ನು ಕಂಡವರೆಲ್ಲರೂ ಬಲ್ಲರು. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರುಗಳು. ಹೊರನೋಟಕ್ಕೆ ಸುಲ್ತಾನರ ಗೋರಿಗಳಂತೆ ತೋರಿದರೂ ಒಳಗಿರುವುದು ಲಿಂಗವಂತ ದೊರೆಗಳ ಸಮಾಧಿ. ಅವುಗಳಲ್ಲಿ ಲಿಂಗರಾಜೇಂದ್ರನ ಗದ್ದಿಗೆಯನ್ನು 1820ರಲ್ಲಿ ಕಟ್ಟಿಸಿದವನು ಅವನ ಮಗ ಚಿಕ್ಕವೀರರಾಜೇಂದ್ರ. ತಂದೆಯ ನೆನಪಿಗೆ ಅಷ್ಟು ಮಾಡಿದ ಮಗನಿಗೆ ಆ ದಿಬ್ಬದ ಮೇಲೆ ಒಂದು ಮೊಳ ನೆಲವೂ ದೊರೆಯಲಿಲ್ಲ. 1834ರಲ್ಲಿ ಕಂಪೆನಿಯವರು ಅವನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಕಂಪೆನಿಯವರ ಕೈಯಲ್ಲಿ ಸಿಕ್ಕಿದ್ದ ತನ್ನ ಹಣಕ್ಕಾಗಿ ಅಲ್ಲಿಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದನು. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಅವನನ್ನು ಹೂಳಿದುದು ಆ ನಗರದ ಕೆನ್ಸಲ್ ಗ್ರೀನ್ ಎಂಬ ಶ್ಮಶಾನದಲ್ಲಿ.

ಮನೆಯಲ್ಲಿ ಸಾವಾದರೆ ಮುಂದೇನೆಂಬುದನ್ನು ಯಾರೂ ಕೇಳಬೇಕಾಗಿಲ್ಲ. ಸುಡುವವರ ಮನೆಯಲ್ಲಿ ಚಿತೆ, ಹೂಳುವವರ ಮನೆಯಲ್ಲಿ ಸಮಾಧಿ. ಹೊರುವವರಾರು, ಮುಂದೆ ನಡೆಯುವವರಾರು, ಹಿಂದಿರುಗಿ ಬಂದಮೇಲೆ ದೀಪದ ಬಳಿ ಕೂರುವವರಾರು ಎಂಬುದೆಲ್ಲವನ್ನೂ ಕುಲಾಚಾರವೇ ಗೊತ್ತುಮಾಡಿಟ್ಟಿರುವುದು. ಆಯ್ಕೆಯ ಪ್ರಶ್ನೆ ಏಳುವುದು ಪರದೇಶದಲ್ಲಿ ಸಾವಾದಾಗ. ಅಲ್ಲಿ ಕುಲವೂ ಇಲ್ಲ, ಆಚಾರವನ್ನು ಬಲ್ಲವರೂ ಇಲ್ಲ. ಕೆಲವು ವೇಳೆ ಆಚಾರವನ್ನು ನಿಷೇಧಿಸುವ ಕಾಯಿದೆ ಮಾತ್ರ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಹೋದ ಭಾರತೀಯರಲ್ಲಿ ಸತ್ತವರಿಗೆ ಏನು ಗತಿಯಾಯಿತು, ಉಳಿದವರ ಮುಂದೆ ಯಾವ ಯಾವ ದಾರಿಗಳಿದ್ದವು, ಆ ದಾರಿಗಳು ಹೇಗೆ ಒಂದೊಂದಾಗಿ ತೆರೆದವು ಎಂಬುದು ತಕ್ಕಷ್ಟು ದೀರ್ಘವಾದ ಕಥೆ. ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸಿರುವ ಮನೆಗಳು ಈಗ ಹಿಂದೆಂದಿಗಿಂತ ಹೆಚ್ಚಾಗಿರುವುದರಿಂದ ಅದು ಹಳೆಯ ಕಥೆಯಾದರೂ ದೂರದ ಕಥೆಯಲ್ಲ.

ದೇಶಾಂತರದಲ್ಲಿ ಸತ್ತವನ ವಿಷಯವನ್ನು ಧರ್ಮಶಾಸ್ತ್ರಕಾರರು ಮರೆತಿಲ್ಲ. ಶವ ದೊರೆತರೆ ದಹನ. ಶವವಿಲ್ಲದೆ ಅಸ್ಥಿ ಮಾತ್ರ ದೊರೆತರೆ ಅದಕ್ಕೆ ಸಂಸ್ಕಾರ. ಅದೂ ಇಲ್ಲವಾದರೆ 360 ಮುತ್ತುಗದೆಲೆಯ ತೊಟ್ಟುಗಳಿಂದ ಮನುಷ್ಯಾಕೃತಿಯನ್ನು ಮಾಡಿ ಅದನ್ನೇ ದಹಿಸಬೇಕೆಂದು ವಿಧಿಸಿದ್ದಾರೆ. ತಲೆಗಿಷ್ಟು, ಎದೆಗಿಷ್ಟು, ಕೈಕಾಲುಗಳಿಗಿಷ್ಟು ಎಂದು ತೊಟ್ಟುಗಳ ಲೆಕ್ಕವೂ ಉಂಟು. ಹಡಗಿನಲ್ಲಿ ಸತ್ತವರನ್ನು ಕಡಲಿಗೆ ಬಿಡುತ್ತಿದ್ದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಇದೊಂದೇ ಗತಿಯಾಗಿತ್ತು. ಆದರೆ ಇದು ಊರಿನಲ್ಲಿ ಉಳಿದವರು ಮಾಡಿಕೊಳ್ಳಬಹುದಾದ ಸಮಾಧಾನ. ಸತ್ತವನ ಪಕ್ಕದಲ್ಲಿ ನಿಂತಿರುವವರಿಗೆ ಅದರಿಂದ ಉತ್ತರ ದೊರೆಯುವುದಿಲ್ಲ.

ಅವರ ಎದುರಿಗೆ ನಿಂತಿದ್ದುದು ಸಾವಿರ ವರ್ಷಗಳ ಕ್ರೈಸ್ತ ಸಂಪ್ರದಾಯ. ಗ್ರೀಕರೂ ರೋಮನ್ನರೂ ಹೆಣವನ್ನು ಸುಡುತ್ತಿದ್ದುದುಂಟು. ಕ್ರೈಸ್ತಮತವು ಹರಡಿದಂತೆಲ್ಲ ಚಿತೆಗಳು ಆರಿದವು. 785ರ ಸುಮಾರಿನಲ್ಲಿ ಷಾರ್ಲಮೇನ್ ಚಕ್ರವರ್ತಿಯು ತಾನು ಗೆದ್ದ ಸ್ಯಾಕ್ಸನರು ಹಳೆಯ ಪದ್ಧತಿಯಂತೆ ಹೆಣವನ್ನು ಸುಟ್ಟರೆ ಮರಣದಂಡನೆಯೆಂದು ಶಾಸನವನ್ನು ಹೊರಡಿಸಿದನು. ಅಲ್ಲಿಂದ ಮುಂದೆ ಯೂರೋಪಿನಲ್ಲಿ ಹೂಳುವುದೊಂದೇ ಮಾರ್ಗ. ಕವಿ ಷೆಲ್ಲಿಯ ದೇಹವನ್ನು 1822ರಲ್ಲಿ ಇಟಲಿಯ ವಿಯಾರೆಜ್ಜೋ ಕಡಲತೀರದಲ್ಲಿ ಬೈರನ್ ಮೊದಲಾದ ಗೆಳೆಯರ ಎದುರಿನಲ್ಲಿ ಸುಟ್ಟರೆಂಬುದು ಪ್ರಸಿದ್ಧವಾಗಿದೆ. ಅದು ಅವನ ಇಷ್ಟವೆಂದಲ್ಲ; ಕಡಲು ದಡಕ್ಕೆ ತಂದ ಹೆಣಗಳಿಂದ ಸೋಂಕು ಹರಡಬಾರದೆಂಬ ಆರೋಗ್ಯದ ಕಟ್ಟಳೆಯಿಂದ ಹಾಗಾಯಿತು.

ಹೀಗಿರುವಲ್ಲಿ 1831ರಲ್ಲಿ ರಾಜಾ ರಾಮಮೋಹನ ರಾಯರು ಇಂಗ್ಲೆಂಡಿಗೆ ಬಂದರು. ತಮ್ಮ ಮರಣದ ವಿಷಯದಲ್ಲಿ ಅವರಷ್ಟು ಮುಂದಾಲೋಚನೆ ಮಾಡಿದವರು ವಿರಳ. ಇಂಗ್ಲೆಂಡಿನಲ್ಲಿ ತಾವು ಸತ್ತರೆ ಒಂದು ತುಂಡು ನೆಲವನ್ನು ಸ್ವತಂತ್ರವಾಗಿ ಕೊಂಡು ತಮ್ಮನ್ನು ಅಲ್ಲಿ ಹೂಳಬೇಕು. ಅದರ ಮೇಲೆ ಒಂದು ಸಣ್ಣ ಮನೆಯನ್ನು ಕಟ್ಟಿ, ಮರ್ಯಾದಸ್ಥನಾದ ಬಡವನೊಬ್ಬನಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಬೇಕು. ಅವನು ಆ ಸ್ಥಳವನ್ನು ನೋಡಿಕೊಳ್ಳಬೇಕು ಎಂದು ಅವರು ಮಿತ್ರರೊಡನೆ ಹೇಳಿದ್ದರು. 1833ರ ಸೆಪ್ಟೆಂಬರಿನಲ್ಲಿ ಅವರು ಬ್ರಿಸ್ಟಲ್ ನಗರದ ಬಳಿಯ ಸ್ಟೇಪಲ್ಟನ್ ಗ್ರೋವ್ ಎಂಬ ಮನೆಯಲ್ಲಿ ಅತಿಥಿಯಾಗಿದ್ದಾಗ ಜ್ವರ ಬಂದಿತು. ವೈದ್ಯರ ಪ್ರಯತ್ನ ಫಲಿಸದೆ 27ನೆಯ ತಾರೀಖು ತೀರಿಕೊಂಡರು. ವಿಗ್ರಹಾರಾಧನೆಯನ್ನು ಖಂಡಿಸಿದವರೆಂದು ಹೆಸರಾಗಿದ್ದ ಅವರ ಮೈಮೇಲೆ ಯಜ್ಞೋಪವೀತ ಕೊನೆಯವರೆಗೂ ಇದ್ದಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ರೈಸ್ತರ ಶ್ಮಶಾನದಲ್ಲಿ, ಕ್ರೈಸ್ತವಿಧಿಯಿಂದ ಅವರನ್ನು ಹೂಳಿದ್ದರೆ ರಾಯರು ಜಾತಿಯನ್ನು ಕಳೆದುಕೊಂಡರೆಂಬ ವಾದವನ್ನು ಬಂಗಾಳದಲ್ಲಿ ಹೂಡಬಹುದಾಗಿತ್ತು. ಅದರಿಂದ ಮಕ್ಕಳ ದಾಯಭಾಗಕ್ಕೇ ಕುತ್ತು ಬರಬಹುದಾಗಿತ್ತು. ಆದುದರಿಂದ ಮನೆಯ ಒಡತಿ ಕುಮಾರಿ ಕ್ಯಾಸಲ್ ಎಂಬಾಕೆ ತನ್ನ ತೋಟದಲ್ಲಿಯೇ ನೆಲವನ್ನು ಕೊಟ್ಟಳು. ಅಕ್ಟೋಬರ್ 18ರಂದು ಎಲ್ಮ್ ಮರಗಳ ಕೆಳಗೆ, ಯಾವ ಪಾದ್ರಿಯೂ ಇಲ್ಲದೆ, ಯಾವ ಮಂತ್ರವೂ ಇಲ್ಲದೆ, ಸಂಪೂರ್ಣ ಮೌನದಲ್ಲಿ ಅವರನ್ನು ಮಣ್ಣಿಗಿಳಿಸಿದರು. ಜೊತೆಯಲ್ಲಿ ಬಂದಿದ್ದ ಸೇವಕರೂ ಸಾಕುಮಗ ರಾಜಾರಾಮನೂ ಪಕ್ಕದಲ್ಲಿ ನಿಂತಿದ್ದರು. ಮಾತನಾಡದೆ ಇರುವುದೂ ಒಂದು ಸಂಸ್ಕಾರವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ವಿಧವೆಯರನ್ನು ಚಿತೆಯಿಂದ ಬಿಡಿಸಲು ಹೋರಾಡಿದ ಪುರುಷನಿಗೆ ತನ್ನ ಪಾಲಿನ ಚಿತೆ ದೊರೆಯಲಿಲ್ಲವೆಂದು ಕೆಲವರು ಮರುಗುವುದುಂಟು. ರಾಯರು ಅದನ್ನು ಕೇಳಿಯೇ ಇರಲಿಲ್ಲ. ದೊರೆಯಬಹುದಾದುದರಲ್ಲಿ ಮಾನ ಉಳಿಯುವಂಥದನ್ನು ಅವರು ಮೊದಲೇ ಆರಿಸಿಕೊಂಡಿದ್ದರು.

ಹತ್ತು ವರ್ಷಗಳಾದಮೇಲೆ ಆ ತೋಟದ ಸಮಾಧಿಯನ್ನು ಮಿತ್ರ ದ್ವಾರಕಾನಾಥ ಠಾಕೂರರು 1843ರಲ್ಲಿ ಬ್ರಿಸ್ಟಲ್ಲಿನ ಆರ್ನೋಸ್ ವೇಲ್ ಎಂಬ ಹೊಸ ಶ್ಮಶಾನಕ್ಕೆ ವರ್ಗಾಯಿಸಿ, ಅದರ ಮೇಲೆ ಬಂಗಾಳದ ಮಾದರಿಯ ಕಲ್ಲಿನ ಛತ್ರಿಯೊಂದನ್ನು ಕಟ್ಟಿಸಿದರು. ಇಂಗ್ಲಿಷ್ ಗೋರಿಗಳ ನಡುವೆ ಆ ಮಂಟಪ ಇಂದಿಗೂ ನಿಂತಿದೆ. ಪರರ ಸಮಾಧಿಯನ್ನು ಅಷ್ಟು ಶ್ರದ್ಧೆಯಿಂದ ಏರ್ಪಡಿಸಿದ ಠಾಕೂರರೂ ಮೂರೇ ವರ್ಷಗಳಲ್ಲಿ, 1846ರ ಆಗಸ್ಟ್ 1ರಂದು, ಲಂಡನ್ನಿನಲ್ಲಿ ತೀರಿಕೊಂಡರು. ಅವರ ಮೊಮ್ಮಗನೇ ಕವಿ ರವೀಂದ್ರರು. ಠಾಕೂರರನ್ನು ಹೂಳಿದುದೂ ಕೆನ್ಸಲ್ ಗ್ರೀನಿನಲ್ಲಿಯೇ.

ಈ ಕೆನ್ಸಲ್ ಗ್ರೀನ್ ಎಂಬುದು ಹಳೆಯ ಚರ್ಚಿನ ಅಂಗಳವಲ್ಲ. ನಗರದೊಳಗಿನ ಶ್ಮಶಾನಗಳು ತುಂಬಿ ತುಳುಕಿದಾಗ ಒಂದು ಕಂಪೆನಿಯವರು ಊರಾಚೆ ನೆಲವನ್ನು ಕೊಂಡು 1833ರಲ್ಲಿ ತೆರೆದ ತೋಟದಂತಹ ಸ್ಥಳ. ಅದರ ಒಂದು ಭಾಗವನ್ನು ಬಿಷಪ್ಪನಿಂದ ಪವಿತ್ರಗೊಳಿಸದೆ ಬಿಟ್ಟಿದ್ದರು. ಇಂಗ್ಲೆಂಡಿನ ಅಧಿಕೃತ ಚರ್ಚನ್ನು ಒಪ್ಪದವರಿಗೆ ಅಲ್ಲಿ ಬೇರೆಯ ಪ್ರಾರ್ಥನಾಮಂದಿರವೂ ಇದ್ದಿತು. ಸುಡಲು ಅವಕಾಶವಿಲ್ಲದ ಆ ನಾಡಿನಲ್ಲಿ ಪರಮತೀಯರಿಗೆ ಇಂತಹ ನೆಲವೇ ಆಸರೆ.

ಠಾಕೂರರ ಮರಣವಾರ್ತೆ ಕಲಕತ್ತೆಗೆ ಬಂದಾಗ ಅಲ್ಲಿ ಬೇರೊಂದು ಬಗೆಯ ಸಂಕಟ ಹುಟ್ಟಿತು. ಹಿರಿಯ ಮಗ ದೇವೇಂದ್ರನಾಥರು ಬ್ರಾಹ್ಮಸಮಾಜದವರು. ಸಾಲಿಗ್ರಾಮವನ್ನಿಟ್ಟು ಶ್ರಾದ್ಧಮಾಡಲು ಒಪ್ಪಲಿಲ್ಲ. ಉಪನಿಷತ್ತಿನ ಮಂತ್ರದಿಂದ ದಾನಗಳನ್ನು ಕೊಟ್ಟು ತಮ್ಮ ಪಾಲಿನ ಕರ್ಮವನ್ನು ಮುಗಿಸಿದರು. ತಮ್ಮ ಗಿರೀಂದ್ರನಾಥರು ಪದ್ಧತಿಯಂತೆ ಶ್ರಾದ್ಧವನ್ನು ನಡೆಸಿದರು. ಬಂಧುಗಳು ದೇವೇಂದ್ರನಾಥರನ್ನು ಬಿಟ್ಟು ದೂರಸರಿದರು. ತಂದೆಯ ದೇಹ ಸಮುದ್ರದಾಚೆಯ ಮಣ್ಣಿನಲ್ಲಿದ್ದರೂ ಜಗಳ ಮನೆಯ ಅಂಗಳದಲ್ಲಿಯೇ ನಡೆಯಿತು. ಸತ್ತವರ ಇಚ್ಛೆ ಯಾವುದು ಎನ್ನುವುದಕ್ಕಿಂತ ಉಳಿದವರ ನಂಬಿಕೆ ಯಾವುದು ಎಂಬುದೇ ಅನೇಕ ವೇಳೆ ದೊಡ್ಡದಾಗುವುದೆಂಬುದನ್ನು ಬಲ್ಲ ಮನೆಗಳಿಗೆ ಇದು ಹೊಸತೆನಿಸಲಾರದು.

ಕೊಡಗಿನ ಅರಸನ ವಿಷಯವೇ ಬೇರೆ. ಅವನು ಲಿಂಗವಂತನಾದುದರಿಂದ ಮಣ್ಣಿಗೆ ಸೇರುವುದು ಅವನ ಕುಲಕ್ಕೆ ವಿರುದ್ಧವಲ್ಲ. ಇಂಗ್ಲೆಂಡಿನಲ್ಲಿ ಸತ್ತ ಆ ಕಾಲದ ಹಿಂದೂ ರಾಜರುಗಳಲ್ಲಿ ಅವನಿಗೆ ಮಾತ್ರ ನೆಲದ ಕಾಯಿದೆಯೂ ಮನೆಯ ಆಚಾರವೂ ಒಂದೇ ಮಾತನ್ನು ಹೇಳಿದವೆನ್ನಬಹುದು. ಆದರೆ ಹೂಳುವುದು ಬೇರೆ, ಗದ್ದಿಗೆಯಾಗುವುದು ಬೇರೆ. ಕುಳಿತ ಭಂಗಿ, ಅಂಗೈಯಲ್ಲಿ ಇಷ್ಟಲಿಂಗ, ವಿಭೂತಿ, ಜಂಗಮರು, ಮೇಲೆ ನಿತ್ಯಪೂಜೆ ಇವೆಲ್ಲವೂ ಕೂಡಿದಾಗ ಗದ್ದಿಗೆ. ಲಂಡನ್ನಿನ ಶ್ಮಶಾನ ಇದರಲ್ಲಿ ಮಣ್ಣನ್ನು ಮಾತ್ರ ಕೊಡಬಲ್ಲುದಾಗಿತ್ತು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು 1852ರಲ್ಲಿ ದೀಕ್ಷಾಸ್ನಾನ ಕೊಡಿಸಿದ ಮಗಳು ಗೌರಮ್ಮ 1864ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ಕ್ರೈಸ್ತಳಾಗಿದ್ದ ಆಕೆಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಶ್ಮಶಾನದಲ್ಲಿದೆ. ಒಂದೇ ಊರಿನಲ್ಲಿ ತಂದೆ ಒಂದೆಡೆ, ಮಗಳು ಇನ್ನೊಂದೆಡೆ. ಅವರ ಹಿರಿಯರೆಲ್ಲರೂ ಮಡಿಕೇರಿಯಲ್ಲಿ.

ಅರಸನನ್ನು ಹೂಳಿದ ನಾಲ್ಕು ವರ್ಷಗಳಿಗೆ ಅದೇ ಕೆನ್ಸಲ್ ಗ್ರೀನಿಗೆ ಇನ್ನೊಂದು ರಾಜಮನೆತನದ ಶವ ಬಂದಿತು. ಪಂಜಾಬಿನ ರಣಜಿತ್ ಸಿಂಹನ ರಾಣಿ ಜಿಂದ್ ಕೌರ್ 1863ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ಮರಣ ಹೊಂದಿದಳು. ಇಂಗ್ಲಿಷರು ಸೆರೆಯಲ್ಲಿಟ್ಟು, ಮಗನಿಂದ ಅಗಲಿಸಿ, ಹದಿಮೂರು ವರ್ಷಗಳ ಮೇಲೆ ಮತ್ತೆ ಸೇರಗೊಟ್ಟ ತಾಯಿ ಆಕೆ. ಮಗ ದುಲೀಪ್ ಸಿಂಹನು ಆ ವೇಳೆಗೆ ಕ್ರೈಸ್ತನಾಗಿದ್ದನು. ತಾಯಿಯಾದರೋ ತನ್ನನ್ನು ಪರನಾಡಿನ ಮಣ್ಣಿನಲ್ಲಿ ಕೊಳೆಯಲು ಬಿಡಬೇಡವೆಂದು ಬೇಡಿದ್ದಳು. ಇಂಗ್ಲೆಂಡಿನಲ್ಲಿ ಸುಡುವಂತಿಲ್ಲ, ಹೂಳಲು ಮಗನಿಗೆ ಮನಸ್ಸಿಲ್ಲ. ದುಲೀಪನು ಮೂರನೆಯ ದಾರಿಯನ್ನು ಹಿಡಿದನು. ಶವವನ್ನು ಕೆನ್ಸಲ್ ಗ್ರೀನಿನ ಪ್ರಾರ್ಥನಾಮಂದಿರದ ನೆಲಮಾಳಿಗೆಯಲ್ಲಿ ತಾತ್ಕಾಲಿಕವಾಗಿ ಇಡಿಸಿ, ಸರ್ಕಾರದ ಅನುಮತಿಗಾಗಿ ಕಾದು, 1864ರಲ್ಲಿ ಹಡಗಿನಲ್ಲಿ ಭಾರತಕ್ಕೆ ಒಯ್ದನು. ಲಾಹೋರಿಗೆ ಹೋಗಲು ಅಪ್ಪಣೆ ದೊರೆಯಲಿಲ್ಲ. ಪಂಜಾಬಿನಲ್ಲಿ ಮತ್ತೆ ಗಲಭೆಯೆದ್ದೀತೆಂಬ ಭಯ. ಆದುದರಿಂದ ಮುಂಬಯಿಯಲ್ಲಿ ಇಳಿದು, ನಾಸಿಕದಲ್ಲಿ ಗೋದಾವರಿಯ ತೀರದಲ್ಲಿ ದಹನವನ್ನು ಮಾಡಿ ಸಣ್ಣದೊಂದು ಸಮಾಧಿಯನ್ನು ಕಟ್ಟಿಸಿದನು. ಅವನ ಮಗಳು ಬಾಂಬಾ 1924ರಲ್ಲಿ ಅಜ್ಜಿಯ ಅಸ್ಥಿಯನ್ನು ಅಲ್ಲಿಂದ ತೆಗೆದು ಲಾಹೋರಿಗೆ ಒಯ್ದು ರಣಜಿತ್ ಸಿಂಹನ ಸಮಾಧಿಯ ಬಳಿ ಇರಿಸಿದಳು. ಬೇಡಿದ ಸ್ಥಳವನ್ನು ತಲಪಲು ಆ ರಾಣಿಗೆ ಅರವತ್ತೊಂದು ವರ್ಷಗಳು ಬೇಕಾದವು. ದುಲೀಪನಿಗೆ ಮಾತ್ರ ಅಂತಹ ಪ್ರಯಾಣವಿರಲಿಲ್ಲ. 1893ರಲ್ಲಿ ಪ್ಯಾರಿಸಿನಲ್ಲಿ ಸತ್ತ ಅವನನ್ನು ಇಂಗ್ಲೆಂಡಿನ ಎಲ್ವೆಡನ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹೂಳಿದರು.

ಹೂಳುವುದು, ಇಲ್ಲವೆ ಸಮುದ್ರ ದಾಟಿಸಿ ಒಯ್ಯುವುದು, 1870ರವರೆಗೆ ಇವೆರಡೇ. ಆ ವರ್ಷ ಕೊಲ್ಲಾಪುರದ ತರುಣ ಛತ್ರಪತಿ ರಾಜಾರಾಮನು ಇಂಗ್ಲೆಂಡಿಗೆ ಪ್ರವಾಸ ಹೋದನು. ಈಗ ಬೆಳಗಾವಿ ಜಿಲ್ಲೆಗೆ ಸೇರಿರುವ ರಾಯಬಾಗವೇ ಮೊದಲಾದ ಕನ್ನಡ ಊರುಗಳು ಆಗ ಅವನ ಸಂಸ್ಥಾನದಲ್ಲಿಯೇ ಇದ್ದುದರಿಂದ ಅವನು ಒಂದಷ್ಟು ಕನ್ನಡಿಗರಿಗೂ ಪ್ರಭುವಾಗಿದ್ದವನು. ವಯಸ್ಸು ಇಪ್ಪತ್ತು. ವಿಕ್ಟೋರಿಯಾ ರಾಣಿಯನ್ನು ಕಂಡು, ಶಾಲೆ ಕಾರ್ಖಾನೆಗಳನ್ನೆಲ್ಲ ನೋಡಿ, ದಿನಚರಿಯನ್ನು ಬರೆದಿಟ್ಟು, ಹಿಂದಿರುಗುವಾಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕಾಯಿಲೆ ಬಿದ್ದು, ನವೆಂಬರ್ 30ರಂದು ಒಂದು ಹೋಟೆಲಿನಲ್ಲಿ ಪ್ರಾಣಬಿಟ್ಟನು. ಅವನ ದಿನಚರಿಯನ್ನು ಜೊತೆಯಲ್ಲಿದ್ದ ಕ್ಯಾಪ್ಟನ್ ವೆಸ್ಟ್ ಎಂಬ ಅಧಿಕಾರಿ 1872ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು.

ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿ. ರಾಜನ ಪರಿವಾರದವರು ಬೇರೆ ಮಾತನ್ನೇ ಕೇಳಲಿಲ್ಲ. ದಹನವಾಗಲೇಬೇಕು, ಅದೂ ನದಿಯ ತೀರದಲ್ಲಿ, ಎರಡು ನದಿಗಳು ಕೂಡುವೆಡೆಯಲ್ಲಾದರೆ ಇನ್ನೂ ಉತ್ತಮ. ಕೂಡಲಸಂಗಮದ ಮಹಿಮೆಯನ್ನು ಬಲ್ಲ ಕನ್ನಡಿಗರಿಗೆ ಈ ಹಂಬಲವನ್ನು ವಿವರಿಸಬೇಕಾದುದಿಲ್ಲ. ಆಶ್ಚರ್ಯವೆಂದರೆ ಫ್ಲಾರೆನ್ಸಿನಲ್ಲಿ ಅಂತಹ ಸ್ಥಳವಿದ್ದಿತು, ಅಧಿಕಾರಿಗಳು ಒಪ್ಪಿಯೂ ಬಿಟ್ಟರು. ನಗರದ ಪಶ್ಚಿಮಕ್ಕೆ ಕಾಷಿನೆ ಎಂಬ ಉದ್ಯಾನದ ತುದಿಯಲ್ಲಿ ಆರ್ನೋ ನದಿಗೆ ಮುನ್ಯೋನೆ ಎಂಬ ಹೊಳೆ ಬಂದು ಸೇರುತ್ತದೆ. ಮರಣವಾದ ದಿನದ ರಾತ್ರಿಯೇ ಅಲ್ಲಿಗೆ ಶವವನ್ನು ತಂದು, ಚಿತೆಯನ್ನೊಡ್ಡಿ, ಹಿಂದೂವಿಧಿಯಿಂದ ದಹನವನ್ನು ನೆರವೇರಿಸಿದರು. ನಡುರಾತ್ರಿಯ ಚಳಿಯಲ್ಲಿ ಊರಿನ ಜನ ಬಂದು ನೋಡಿದರು. ಡಾಂಟೆ ಹುಟ್ಟಿದ ಊರಿನಲ್ಲಿ, ಶತಮಾನಗಳಿಂದ ಮೂಳೆಯನ್ನು ಮಣ್ಣಿಗೇ ಕೊಟ್ಟು ಬಂದ ಜನರ ಎದುರಿಗೆ, ಒಬ್ಬ ಮರಾಠಾ ಹುಡುಗನ ಚಿತೆ ಉರಿದುದು ಸಾಮಾನ್ಯವಾದ ಸಂಗತಿಯಲ್ಲ. ಕಾಯಿದೆಯಲ್ಲಿಲ್ಲದುದನ್ನು ಕೊಡಲು ಇಟಲಿಯ ಅಧಿಕಾರಿಗಳಿಗೆ ಒಂದು ಹಗಲು ಸಾಕಾಯಿತು; ಅದನ್ನೇ ಕೊಡಲು ಭಾರತವನ್ನು ಆಳುತ್ತಿದ್ದ ಇಂಗ್ಲೆಂಡಿಗೆ ಇನ್ನೂ ಹದಿನೈದು ವರ್ಷಗಳು ಬೇಕಾಗಿದ್ದವು.

ಆ ಸಂಗಮದಲ್ಲಿ 1874ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ನಾಲ್ಕು ಕಂಬಗಳ ಮೇಲೆ ಭಾರತೀಯ ಶೈಲಿಯ ಛತ್ರಿ, ಅದರ ಕೆಳಗೆ ಇಂಗ್ಲಿಷ್ ಶಿಲ್ಪಿ ಫುಲ್ಲರನು ಕಡೆದ ರಾಜನ ಎದೆಮಟ್ಟದ ಪ್ರತಿಮೆ, ಪೀಠದ ಮೇಲೆ ಹಲವು ಭಾಷೆಗಳ ಲೇಖ. ರುಮಾಲು ಸುತ್ತಿದ, ಮುತ್ತಿನ ಹಾರದ ಆ ಮುಖ ಫ್ಲಾರೆನ್ಸಿನ ಜನಕ್ಕೆ ಎಷ್ಟು ಬಳಕೆಯಾಯಿತೆಂದರೆ ಆ ಪ್ರದೇಶಕ್ಕೇ ‘ಇಂದಿಯಾನೋ’, ಎಂದರೆ ‘ಭಾರತೀಯ’ನ ಸ್ಥಳವೆಂದು ಹೆಸರಾಯಿತು. 1978ರಲ್ಲಿ ಅಲ್ಲಿಯೇ ಆರ್ನೋ ನದಿಗೆ ಕಟ್ಟಿದ ದೊಡ್ಡ ಸೇತುವೆಗೂ ಅದೇ ಹೆಸರು. ಗಾಡಿಗಳಲ್ಲಿ ಅದರ ಮೇಲೆ ಹೋಗುವವರಲ್ಲಿ ಆ ಭಾರತೀಯನು ಯಾರೆಂದು ಬಲ್ಲವರು ಎಷ್ಟು ಮಂದಿಯೋ. ಕೊಲ್ಲಾಪುರದಲ್ಲಿಯೇ ತೀರಿಕೊಂಡಿದ್ದರೆ ಅವನಿಗೆ ಅಷ್ಟು ಹೆಸರುಳಿಯುತ್ತಿದ್ದುದು ಸಂದೇಹ.

ಈ ನಡುವೆ ಯೂರೋಪಿನವರೇ ಹೆಣವನ್ನು ಸುಡುವ ಮಾತನ್ನೆತ್ತಿದ್ದರು. ಅವರ ಕಾರಣ ಮತವಲ್ಲ, ಆರೋಗ್ಯ. ಪಾದುವಾ ನಗರದ ಪ್ರಾಧ್ಯಾಪಕ ಬ್ರುನೆಟ್ಟಿಯು ತಾನು ಕಂಡುಹಿಡಿದ ಕುಲುಮೆಯನ್ನೂ ಅದರಲ್ಲಿ ಸುಟ್ಟ ಬೂದಿಯನ್ನೂ 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿಟ್ಟನು. ಅದನ್ನು ಕಂಡ ಇಂಗ್ಲಿಷ್ ಶಸ್ತ್ರವೈದ್ಯ ಸರ್ ಹೆನ್ರಿ ಥಾಂಪ್ಸನನು ಮರುವರ್ಷ ಜನವರಿಯಲ್ಲಿ ಒಂದು ಲೇಖನವನ್ನು ಬರೆದು, ಕಾದಂಬರಿಕಾರ ಟ್ರಾಲಪ್, ಚಿತ್ರಕಾರ ಮಿಲೇ ಮೊದಲಾದವರ ರುಜುಗಳೊಡನೆ ದಹನಸಂಘವೊಂದನ್ನು ಸ್ಥಾಪಿಸಿದನು. ಇಟಲಿಯ ಮಿಲಾನಿನಲ್ಲಿ 1876ರಲ್ಲಿಯೇ ದಹನಮಂದಿರ ತೆರೆಯಿತು. ಇಂಗ್ಲಿಷ್ ಸಂಘದವರು ಲಂಡನ್ನಿನ ಹೊರಗೆ ವೋಕಿಂಗ್ ಎಂಬಲ್ಲಿ ನೆಲವನ್ನು ಕೊಂಡು, ಕುಲುಮೆಯನ್ನು ಕಟ್ಟಿ, 1879ರ ಮಾರ್ಚಿನಲ್ಲಿ ಒಂದು ಕುದುರೆಯ ಹೆಣವನ್ನು ಸುಟ್ಟು ಪರೀಕ್ಷಿಸಿದರು. ಊರವರು ಗುಲ್ಲೆಬ್ಬಿಸಿದರು. ಮನುಷ್ಯರನ್ನು ಸುಡಕೂಡದೆಂದು ಗೃಹಮಂತ್ರಿಯು ತಡೆದನು. ಕುಲುಮೆ ಆರು ವರ್ಷ ತಣ್ಣಗೆ ಕುಳಿತಿತು.

ಅದನ್ನು ಬಿಡಿಸಿದವನು ವೈದ್ಯಸಂಘದ ದೊಡ್ಡ ಮನುಷ್ಯನಲ್ಲ, ವೇಲ್ಸಿನ ಒಬ್ಬ ವಿಚಿತ್ರ ಮುದುಕ. ಡಾಕ್ಟರ್ ವಿಲಿಯಂ ಪ್ರೈಸನಿಗೆ ಆಗ ಎಂಬತ್ತಮೂರು ವರ್ಷ. ನರಿಯ ತೊಗಲಿನ ಟೊಪ್ಪಿಗೆ ಧರಿಸಿ ತನ್ನನ್ನು ಪ್ರಾಚೀನ ಡ್ರೂಯಿಡ್ ಪುರೋಹಿತನೆಂದು ಕರೆದುಕೊಳ್ಳುತ್ತಿದ್ದನು. ಆ ವಯಸ್ಸಿನಲ್ಲಿ ಅವನಿಗೆ ಹುಟ್ಟಿದ ಗಂಡುಕೂಸು ಐದು ತಿಂಗಳಲ್ಲಿ ತೀರಿಕೊಂಡಿತು. 1884ರ ಜನವರಿಯಲ್ಲಿ ಅವನು ಆ ಕೂಸಿನ ದೇಹವನ್ನು ಬೆಟ್ಟದ ನೆತ್ತಿಯ ಮೇಲೆ ಒಯ್ದು ಎಣ್ಣೆ ತುಂಬಿದ ಪೀಪಾಯಿಯಲ್ಲಿಟ್ಟು ಬೆಂಕಿಕೊಟ್ಟನು. ಜನ ನುಗ್ಗಿ ಅರೆಬೆಂದ ದೇಹವನ್ನು ಹೊರಗೆಳೆದರು. ಪೋಲೀಸರು ಮುದುಕನನ್ನು ಹಿಡಿದರು. ಮಗುವನ್ನು ಕೊಂದನೆಂಬ ಸಂಶಯ ವೈದ್ಯಪರೀಕ್ಷೆಯಿಂದ ಹೋಯಿತು. ಉಳಿದುದು ಒಂದೇ ಪ್ರಶ್ನೆ: ಹೆಣವನ್ನು ಸುಡುವುದು ಅಪರಾಧವೋ ಅಲ್ಲವೋ?

ಕಾರ್ಡಿಫ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿದವನು ಜಸ್ಟಿಸ್ ಸ್ಟೀಫನ್. ಭಾರತದ ವಕೀಲರಿಗೆಲ್ಲ ಪರಿಚಿತನಾದ ಹೆಸರು. ವೈಸರಾಯರ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದು 1872ರ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವನು ಅವನೇ. ಕಲಕತ್ತೆಯಲ್ಲಿ ವರ್ಷಗಟ್ಟಲೆ ಇದ್ದವನಿಗೆ ಚಿತೆಯೆಂಬುದು ಕಿವಿಯಿಂದ ಮಾತ್ರ ಕೇಳಿದ ಭೂತವಾಗಿರಲಿಲ್ಲವೆಂದು ಊಹಿಸುವುದರಲ್ಲಿ ತಪ್ಪಿಲ್ಲ. ಇಂಗ್ಲೆಂಡಿನ ಕಾಯಿದೆಯನ್ನೆಲ್ಲ ಶೋಧಿಸಿ ಅವನು ಕೊಟ್ಟ ತೀರ್ಪು ಇದು: ಸುಡುವುದರಿಂದ ಸಾರ್ವಜನಿಕರಿಗೆ ಪೀಡೆಯಾಗದೆ, ಮರಣದ ವಿಚಾರಣೆಯನ್ನು ತಪ್ಪಿಸುವ ಉದ್ದೇಶವೂ ಇಲ್ಲದೆ ಇದ್ದರೆ, ಅದು ಅಪರಾಧವಲ್ಲ. ಮುದುಕ ಬಿಡುಗಡೆಯಾದನು, ಮಾರ್ಚಿನಲ್ಲಿ ಮಗುವಿನ ದಹನವನ್ನು ಪೂರ್ಣಗೊಳಿಸಿದನು. 1885ರ ಮಾರ್ಚ್ 26ರಂದು ವೋಕಿಂಗಿನ ಕುಲುಮೆಯಲ್ಲಿ ಮೊದಲ ಮನುಷ್ಯದೇಹ, ಒಬ್ಬ ಮಹಿಳೆಯದು, ದಹನವಾಯಿತು. ಆ ವರ್ಷದಲ್ಲಿ ನಡೆದುದು ಒಟ್ಟು ಮೂರೇ ದಹನಗಳು. ಕಾರ್ಲ್ ಮಾರ್ಕ್ಸನ ಜೊತೆಗಾರ ಎಂಗೆಲ್ಸನು 1895ರಲ್ಲಿ ಅಲ್ಲಿಯೇ ದಹನವಾದನು. ಅವನ ಇಚ್ಛೆಯಂತೆ ಬೂದಿಯನ್ನು ಕಡಲಿಗೆ ಬಿಟ್ಟರು. ರೋಮಿನ ಚರ್ಚು 1886ರಲ್ಲಿ ತನ್ನವರಿಗೆ ದಹನವನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾದುದು 1963ರಲ್ಲಿ. 1968ರ ವೇಳೆಗೆ ಬ್ರಿಟನ್ನಿನಲ್ಲಿ ಹೂಳುವವರಿಗಿಂತ ಸುಡುವವರ ಸಂಖ್ಯೆಯೇ ಹೆಚ್ಚಾಗಿದ್ದಿತು.

ಹೀಗೆ ಭಾರತೀಯರಿಗೆ ನಾಲ್ಕನೆಯ ದಾರಿ ತೆರೆಯಿತು. ಆದರೆ 1902ರಲ್ಲಿ ಪಾರ್ಲಿಮೆಂಟು ಮಾಡಿದ ದಹನ ಅಧಿನಿಯಮವು ತೆರೆದ ಬಾಗಿಲನ್ನು ಅರ್ಧ ಮುಚ್ಚಿತೆನ್ನಬೇಕು. ದಹನವೇನೋ ಸರಿ, ಅದು ಅಂಗೀಕೃತವಾದ ಕಟ್ಟಡದೊಳಗೆ ನಡೆಯಬೇಕು. ಬಯಲಿನ ಚಿತೆಗೆ ಅವಕಾಶವಿಲ್ಲ. ಸರ್ಕಾರಕ್ಕೆ ಮನಸ್ಸಿಲ್ಲದಿದ್ದರೆ ಕುಲುಮೆಯೂ ಇಲ್ಲ. 1909ರಲ್ಲಿ ಗಲ್ಲಿಗೇರಿದ ಮದನಲಾಲ ಧಿಂಗ್ರಾ ಹಿಂದೂವಿಧಿಯ ದಹನವನ್ನು ಕೇಳಿದ್ದನು. ಕೊಡದೆ ಸೆರೆಮನೆಯ ಗೋಡೆಯೊಳಗೆ ಹೂಳಿದರು. ಅವನ ಅವಶೇಷ ಭಾರತಕ್ಕೆ ಬಂದುದು 1976ರಲ್ಲಿ. 1940ರಲ್ಲಿ ಗಲ್ಲಿಗೇರಿದ ಊಧಮ ಸಿಂಹನದು 1974ರಲ್ಲಿ.

ಅದೇ ಸರ್ಕಾರವು ಬೇಕಾದಾಗ ಬಯಲಿನ ಚಿತೆಯನ್ನೂ ಒಡ್ಡಿಸಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಬ್ರೈಟನ್ನಿನ ರಾಜಭವನವನ್ನೇ 1914ರಲ್ಲಿ ಆಸ್ಪತ್ರೆಯನ್ನಾಗಿ ಮಾಡಿದ್ದರು. ಅಡಿಗೆಮನೆಗಳೂ ನೀರಿನ ನಲ್ಲಿಗಳೂ ಮತಕ್ಕನುಸಾರವಾಗಿ ಬೇರೆಬೇರೆ. ಸತ್ತ ಮುಸಲ್ಮಾನರನ್ನು ವೋಕಿಂಗಿನ ಮಸೀದಿಯ ಸಮೀಪಕ್ಕೆ ಒಯ್ದು ಹೂಳಿದರು. ಹಿಂದೂಗಳೂ ಸಿಖ್ಖರೂ ಸೇರಿ 53 ಮಂದಿಯನ್ನು ಊರಾಚೆಯ ಪ್ಯಾಚಮ್ ಗುಡ್ಡದ ಹುಲ್ಲುಗಾವಲಿನಲ್ಲಿ ಕಟ್ಟಿದ ಘಾಟಿನ ಮೇಲೆ ಬಯಲಿನಲ್ಲಿಯೇ ದಹಿಸಿದರು. ಸಿಪಾಯಿಗಳ ಊರುಗಳಿಗೆ ಈ ಸುದ್ದಿ ಸರಿಯಾಗಿ ಮುಟ್ಟಬೇಕೆಂಬುದು ಸೇನಾಧಿಕಾರಿಗಳ ಲೆಕ್ಕಾಚಾರ. ಜಾತಿ ಕೆಡುವುದೆಂದು ತಿಳಿದರೆ ಮುಂದೆ ದಂಡಿಗೆ ಜನ ದೊರೆಯುವುದೆಂತು? ಲೆಕ್ಕಾಚಾರವೇ ಆಗಿದ್ದರೂ ಆ 53 ಮಂದಿಗೆ ತಮ್ಮ ತಮ್ಮ ವಿಧಿ ದೊರೆಯಿತು. ಅದೇ ಸ್ಥಳದಲ್ಲಿ ಕಟ್ಟಿದ ಬಿಳಿಯ ಅಮೃತಶಿಲೆಯ ಛತ್ರಿಯನ್ನು 1921ರ ಫೆಬ್ರವರಿ 1ರಂದು ಇಂಗ್ಲೆಂಡಿನ ಯುವರಾಜನು ಅನಾವರಣ ಮಾಡಿದನು. ಚಿತೆಯ ಕಟ್ಟೆಗಳ ಮೇಲೆ ಈಗ ಗ್ರಾನೈಟ್ ಚಪ್ಪಡಿಗಳಿವೆ. ಸುತ್ತಲೂ ಕುರಿಗಳು ಮೇಯುವ ಗುಡ್ಡ, ದೂರದಲ್ಲಿ ಕಡಲು. ಸತ್ತವರ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿಸಿ ಅಲ್ಲಿ ನಿಲ್ಲಿಸಿದುದು ಮಾತ್ರ 2010ರಲ್ಲಿ.

ದಹನವು ಸುಲಭವಾದಮೇಲೆ ದೇಹದ ಬದಲು ಬೂದಿ ಪ್ರಯಾಣಮಾಡತೊಡಗಿತು. ಬೂದಿಗೆ ಅವಸರವಿಲ್ಲವಷ್ಟೆ. ಅಮೆರಿಕದಲ್ಲಿ ವೈದ್ಯಪದವಿ ಪಡೆದು ಹಿಂದಿರುಗಿ 1887ರಲ್ಲಿ ಪುಣೆಯಲ್ಲಿ ಇಪ್ಪತ್ತೆರಡನೆಯ ವರ್ಷಕ್ಕೆ ಮುಂಚೆಯೇ ತೀರಿಕೊಂಡ ಆನಂದೀಬಾಯಿ ಜೋಶಿಯವರ ಬೂದಿಯನ್ನು, ಆಕೆಯನ್ನು ಮಗಳಂತೆ ಸಾಕಿದ್ದ ಕಾರ್ಪೆಂಟರ್ ಎಂಬ ಅಮೆರಿಕದ ಮಹಿಳೆಗೆ ಕಳುಹಿಸಿದರು. ಆಕೆ ಅದನ್ನು ನ್ಯೂಯಾರ್ಕ್ ಸಂಸ್ಥಾನದ ಪೊಕೀಪ್ಸಿ ಊರಿನ ತಮ್ಮ ಕುಟುಂಬದ ಶ್ಮಶಾನದಲ್ಲಿ ಇರಿಸಿದಳು. ಎಲ್ಲರ ಅಸ್ಥಿ ಪಶ್ಚಿಮದಿಂದ ಗಂಗೆಯ ಕಡೆಗೆ ಹೊರಟರೆ ಈ ಬ್ರಾಹ್ಮಣ ಹೆಣ್ಣುಮಗಳದು ಎದುರು ದಿಕ್ಕಿಗೆ ಹೋಯಿತು. ದೇಶಭಕ್ತ ಶ್ಯಾಮಜೀ ಕೃಷ್ಣವರ್ಮರು 1930ರಲ್ಲಿ ಜಿನೀವಾದಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಮತ್ತು ಪತ್ನಿ ಭಾನುಮತಿಯವರ ಅಸ್ಥಿಪಾತ್ರೆಗಳನ್ನು ನೂರು ವರ್ಷ ಕಾಪಾಡುವಂತೆ ಅಲ್ಲಿಯ ಶ್ಮಶಾನದವರಿಗೆ ಹಣ ಕಟ್ಟಿದ್ದರು. ದೇಶ ಸ್ವತಂತ್ರವಾದಮೇಲೆ ಕಳುಹಿಸಿ ಎಂಬುದು ಅವರ ಬೇಡಿಕೆ. ಸ್ವಾತಂತ್ರ್ಯ ಬಂದು ಐವತ್ತಾರು ವರ್ಷಗಳಾದಮೇಲೆ, 2003ರಲ್ಲಿ, ಆ ಪಾತ್ರೆಗಳು ಭಾರತಕ್ಕೆ ಬಂದವು. ಕಟ್ಟಿದ ಹಣದ ಅವಧಿ ಇನ್ನೂ ಮುಗಿದಿರಲಿಲ್ಲ. ಇತ್ತ ವಿಠ್ಠಲಭಾಯಿ ಪಟೇಲರು 1933ರಲ್ಲಿ ಅದೇ ಜಿನೀವಾದ ಬಳಿ ತೀರಿಕೊಂಡಾಗ ದೇಹವನ್ನೇ ಹಡಗಿನಲ್ಲಿ ತಂದು ಮುಂಬಯಿಯಲ್ಲಿ ದಹಿಸಿದರು. ಕುಲುಮೆ ಹತ್ತಿರದಲ್ಲಿದ್ದರೂ ಹಳೆಯ ದಾರಿ ಕೆಲವರಿಗೆ ಬೇಕಾಗಿದ್ದಿತು.

ಉಳಿದುದು ಬಯಲಿನ ಚಿತೆಯ ಪ್ರಶ್ನೆ. ಗುಂಡಿಯೊತ್ತಿದರೆ ಹೊತ್ತಿಕೊಳ್ಳುವ ಕುಲುಮೆಯೂ, ಮಗನ ಕೈಯ ಕೊಳ್ಳಿಯೂ ಒಂದೇ ಅಲ್ಲವೆಂದು ಭಾವಿಸುವವರು ಇಂದಿಗೂ ಇದ್ದಾರೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ನೆಲಸಿದ್ದ ದವೇಂದರ್ ಘೈ ಎಂಬ ಪಂಜಾಬಿ ವೃದ್ಧರು ತಾವು ಸತ್ತಮೇಲೆ ಸೂರ್ಯನ ಬೆಳಕು ಬೀಳುವ ಕಟ್ಟಿಗೆಯ ಚಿತೆಯ ಮೇಲೆ ತಮ್ಮ ದಹನವಾಗಬೇಕೆಂದು 2006ರಲ್ಲಿ ನಗರಸಭೆಯನ್ನು ಕೇಳಿದರು. ನಗರಸಭೆ 1902ರ ಕಾಯಿದೆಯನ್ನು ತೋರಿಸಿ ನಿರಾಕರಿಸಿತು. 2009ರಲ್ಲಿ ಉಚ್ಚನ್ಯಾಯಾಲಯವೂ ಅವರಿಗೆ ವಿರುದ್ಧವಾಗಿ ತೀರ್ಮಾನಿಸಿತು. ಅಪೀಲಿನಲ್ಲಿ ಘೈಯವರು ಒಂದು ಮಾತನ್ನು ಸ್ಪಷ್ಟಪಡಿಸಿದರು: ತಮಗೆ ಬೇಕಾದುದು ಬಟ್ಟಬಯಲೇ ಅಲ್ಲ, ಸುತ್ತಲೂ ಗೋಡೆಯಿದ್ದು, ಆಕಾಶ ಕಾಣುವಂತೆ ಮಾಡಿನಲ್ಲಿ ತೆರಪಿದ್ದರೆ ಸಾಕು. ಹಾಗಾದರೆ ಅಂತಹುದು ‘ಕಟ್ಟಡ’ವೋ ಅಲ್ಲವೋ? ಮತಸ್ವಾತಂತ್ರ್ಯದ ದೊಡ್ಡ ಚರ್ಚೆಯೆಲ್ಲ ಕೊನೆಗೆ ಈ ಒಂದು ಶಬ್ದದ ಅರ್ಥದ ಮೇಲೆ ಬಂದು ನಿಂತಿತು. 2010ರ ಫೆಬ್ರವರಿ 10ರಂದು ಲಾರ್ಡ್ ನ್ಯೂಬರ್ಗರರು ಸಹ ನ್ಯಾಯಾಧೀಶರೊಡನೆ ಕೊಟ್ಟ ತೀರ್ಪಿನಲ್ಲಿ, ಕಟ್ಟಡಕ್ಕೆ ಎಲ್ಲ ಕಡೆಯೂ ಗೋಡೆ, ಮೇಲೆ ಪೂರ್ತಿ ಮುಚ್ಚಿದ ಮಾಡು ಇರಲೇಬೇಕೆಂಬ ನಿಯಮವಿಲ್ಲ, ಘೈಯವರು ಕೇಳಿದ ಬಗೆಯ ರಚನೆ 1902ರ ಕಾಯಿದೆಯೊಳಗೇ ಅಡಗುವುದು ಎಂದು ಹೇಳಿದರು. ಅಂತಹ ಕಟ್ಟಡವನ್ನು ಎಲ್ಲಿ ಕಟ್ಟಬೇಕು, ಅದಕ್ಕೆ ನಗರಯೋಜನೆಯ ಮತ್ತು ಹೊಗೆಯ ಕಟ್ಟಳೆಗಳ ಅನುಮತಿ ದೊರೆಯುವುದೆಂತು ಎಂಬ ಪ್ರಶ್ನೆಗಳನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ.